ನಡಿಗೆಯನ್ನು ಮರಳಿ ಕಲಿಸುವ ವೃತ್ತಿ

ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಚರ್ಚೆ: ಎಂಜಿನಿಯರಿಂಗೋ, ಮೆಡಿಕಲ್ಲೋ? ವೈದ್ಯಕೀಯ ಸೀಟು ಕೈತಪ್ಪಿದ ಮೇಲಷ್ಟೇ ನೆನಪಾಗುವ ಕೋರ್ಸುಗಳಲ್ಲಿ ಫಿಸಿಯೋಥೆರಪಿಯೂ ಒಂದು. ಆದರೆ ನರಮಂಡಲಕ್ಕೆ ಪೆಟ್ಟು ಬಿದ್ದವರ ಪಾಲಿಗೆ, ಆಸ್ಪತ್ರೆಯ ತುರ್ತು ಚಿಕಿತ್ಸೆ ಮುಗಿಯುತ್ತ ಬಂದಂತೆ ಫಿಸಿಯೋಥೆರಪಿಸ್ಟರ ಕೆಲಸ ಹೆಚ್ಚುತ್ತ ಹೋಗುತ್ತದೆ.

ಒಂದು ಕಾಲಕ್ಕೆ ಈ ವೃತ್ತಿ ಎಂದೊಡನೆ ನೆನಪಾಗುತ್ತಿದ್ದುದು ಪೋಲಿಯೊ. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು. ಇಂದು ಬರುವವರು ಲಕ್ವ ಹೊಡೆದವರು, ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ತೆಂಗು-ಅಡಿಕೆ ಮರದಿಂದ ಬಿದ್ದು ಬೆನ್ನುಹುರಿ ಘಾಸಿಯಾದವರು, ಪಾರ್ಕಿನ್ಸನ್ ರೋಗಿಗಳು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು.

ಬರೀ ಮಾಲೀಸಲ್ಲ

ಫಿಸಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದು ಎಂಬ ಭಾವನೆ ಇನ್ನೂ ಹೋಗಿಲ್ಲ. ಲಕ್ವದಲ್ಲಿ ಹಾಳಾದುದು ಕೈಕಾಲಲ್ಲ, ಮೆದುಳಿನ ಒಂದು ಭಾಗ. ಅದು ಮರಳಿ ಬಾರದು. ಆದರೆ ಉಳಿದ ಭಾಗಕ್ಕೆ ಪದೇಪದೇ ಅಭ್ಯಾಸ ಕೊಟ್ಟರೆ, ಕಳೆದುಹೋದ ಕೆಲಸವನ್ನು ಅದು ಒಂದಿಷ್ಟಾದರೂ ಕಲಿಯಬಲ್ಲದು. ಕುರ್ಚಿಯಿಂದ ಏಳುವುದು, ಸೋತ ಕಾಲಿನ ಮೇಲೂ ಭಾರ ಹಾಕುವುದು, ಲೋಟ ಹಿಡಿಯುವುದು, ಇವೇ ಪಾಠಗಳು. ಪಾರ್ಕಿನ್ಸನ್ ರೋಗಿಯ ಹೆಜ್ಜೆ ಇದ್ದಕ್ಕಿದ್ದಂತೆ ನಿಂತುಬಿಟ್ಟಾಗ, ನೆಲದ ಮೇಲೆ ಎಳೆದ ಅಡ್ಡಗೆರೆಗಳು ಎಷ್ಟೋ ಸಲ ಮುಂದಿನ ಹೆಜ್ಜೆ ಇಡಿಸುತ್ತವೆ.

ಮನೆಯವರಿಗೂ ಪಾಠ ಹೇಳಬೇಕು. ಲಕ್ವವಾದವರನ್ನು ಸೋತ ಕೈ ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲಿಗೆ ಅಪಾಯ. ಮಲಗಿದಲ್ಲೇ ಇರುವವರ ಮಗ್ಗುಲು ಆಗಾಗ ಬದಲಿಸದಿದ್ದರೆ ಹಾಸಿಗೆ ಹುಣ್ಣು.

ಎಲ್ಲಕ್ಕಿಂತ ಕಷ್ಟದ್ದು ನಿಜ ಹೇಳುವುದು. ಬೆನ್ನುಹುರಿ ಪೂರ್ತಿ ತುಂಡಾದ ಯುವಕನಿಗೆ 'ಮತ್ತೆ ನಡೆಯುತ್ತೀಯ' ಎನ್ನುವುದು ಸುಲಭ. ಗಾಲಿಕುರ್ಚಿಯಿಂದ ಮಂಚಕ್ಕೆ ತಾನೇ ಸರಿದುಕೊಳ್ಳಲು ಕಲಿಸುವುದು ಕಷ್ಟ. ಅವನನ್ನು ಮತ್ತೆ ಅಂಗಡಿಗೆ, ಕಾಲೇಜಿಗೆ ಕಳಿಸುವುದು ಎರಡನೆಯದೇ.

ಓದು, ಉದ್ಯೋಗ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಬಿಪಿಟಿ ಪದವಿ ಬಹುಕಾಲ, ಆರು ತಿಂಗಳ ಇಂಟರ್ನ್‌ಶಿಪ್ ಸೇರಿ, ನಾಲ್ಕೂವರೆ ವರ್ಷದ್ದಾಗಿತ್ತು. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಅದನ್ನು ಐದು ವರ್ಷಕ್ಕೆ ಏರಿಸಿದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಸೂಚನೆ ನೋಡಿಕೊಳ್ಳಿ. ನರರೋಗ ವಿಭಾಗದಲ್ಲೇ ಪರಿಣತಿ ಬೇಕೆನ್ನುವವರು ಮುಂದೆ ಎರಡು ವರ್ಷದ ಎಂಪಿಟಿ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆಸ್ಪತ್ರೆಗಳು, ವಿಶೇಷ ಶಾಲೆಗಳು, ಮನೆಭೇಟಿ, ಸ್ವಂತ ಕ್ಲಿನಿಕ್, ದಾರಿಗಳು ಹಲವು.

ಪೋಷಕರು ಒಂದು ಮಾತು ತಿಳಿದಿರಲಿ. ಆರಂಭದ ಸಂಬಳ ಹೆಚ್ಚಿರದು, ಮೈ ದಣಿಯುತ್ತದೆ, ಫಲ ತಿಂಗಳುಗಟ್ಟಲೆ ಕಾಯಿಸುತ್ತದೆ. ಅರ್ಜಿ ಹಾಕುವ ಮೊದಲು ಹತ್ತಿರದ ಆಸ್ಪತ್ರೆಯ ಅನುಮತಿ ಪಡೆದು, ಫಿಸಿಯೋಥೆರಪಿ ವಿಭಾಗದಲ್ಲಿ ಮಗ ಅಥವಾ ಮಗಳು ಒಂದು ದಿನ ಕುಳಿತು ನೋಡಲಿ. ರೋಗಿಯ ಬೆರಳೊಂದು ಅಲುಗಿದ್ದಕ್ಕೆ ಅವರ ಮುಖವೂ ಅರಳಿದರೆ, ಸೀಟಿನ ಆಯ್ಕೆ ತಪ್ಪಲಿಲ್ಲವೆಂದು ತಿಳಿಯಿರಿ.