ಜ್ವರ ಬಂದ ಮಗು ಹೇಳಲು ಹೆದರದಿರಲಿ: ಶಾಲೆಯಲ್ಲಿ ಸಾಂಕ್ರಾಮಿಕ ರೋಗ ತಡೆಯುವ ಬಗೆ

ಮೈಸೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಎಚ್.ಡಿ. ಕೋಟೆ ಸೀಮೆಯ ಕಾಡಿನ ಬದಿಗೆ ಎನ್. ಬೇಗೂರು ಎಂಬ ಊರಿದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಈ ಸೀಮೆಯ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ ಮೊದಲಾದ ಆದಿವಾಸಿ ಕುಟುಂಬಗಳು ವಾಸಿಸುತ್ತವೆ. ಅವರ ಮಕ್ಕಳಲ್ಲಿ ಅನೇಕರು ಸರಕಾರದ ಆಶ್ರಮ ಶಾಲೆಗಳಲ್ಲಿ ಉಳಿದು ಕಲಿಯುತ್ತಾರೆ. ಅಲ್ಲೇ ಪಾಠ, ಅಲ್ಲೇ ಊಟ, ಅಲ್ಲೇ ನಿದ್ದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಾಡಿಯ ದೊಡ್ಡವರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದು ವಾಡಿಕೆ.

ಇಂತಹ ಶಾಲೆಯಲ್ಲಿ ಒಂದು ಮಗುವಿಗೆ ರಾತ್ರಿ ಮೈ ಬಿಸಿಯಾಗಿ, ಬೆಳಿಗ್ಗೆ ಮೈಮೇಲೆ ನೀರುಗುಳ್ಳೆ ಎದ್ದಿದೆ ಎಂದು ಊಹಿಸಿಕೊಳ್ಳಿ. "ಹುಷಾರಿಲ್ಲದ ಮಗುವನ್ನು ಮನೆಯಲ್ಲೇ ಇರಿಸಿ" ಎಂಬುದು ನಾವೆಲ್ಲರೂ ಕೇಳಿದ ಸಲಹೆ. ಆದರೆ ಆ ಮಗುವಿನ ಮನೆಯಲ್ಲಿ ಈಗ ಯಾರಿದ್ದಾರೆ? ಅಪ್ಪ ಅಮ್ಮ ತೋಟದ ಲೈನ್ ಮನೆಯಲ್ಲಿ. ಹಾಡಿಯಲ್ಲಿ ಉಳಿದವರು ವಯಸ್ಸಾದ ಅಜ್ಜಿ ಮತ್ತು ಚಿಕ್ಕ ತಂಗಿ. ಮಗುವನ್ನು ಅಲ್ಲಿಗೆ ಕಳುಹಿಸಿದರೆ ರೋಗವೂ ಜೊತೆಗೆ ಹೋಗುತ್ತದೆ. ಹಾಗೆ ಹೋದ ಮಗು ಮತ್ತೆ ಶಾಲೆಗೆ ಬಾರದೇ ಹೋಗುವ ಭಯವೂ ಇದೆ.

ಇದು ಕಾಡಂಚಿನ ಸಮಸ್ಯೆ ಮಾತ್ರವಲ್ಲ. ಕರಾವಳಿಯಲ್ಲಿ ನಮ್ಮ ಬೋರ್ಡಿಂಗ್‌ಗಳು, ಹಾಸ್ಟೆಲ್‌ಗಳು, ಬಾಲಭವನಗಳಲ್ಲಿ ದೂರದ ಊರಿನ ಮಕ್ಕಳಿದ್ದಾರೆ. ದಿನವೂ ಮನೆಯಿಂದ ಬರುವ ಮಕ್ಕಳ ಅಮ್ಮಂದಿರಲ್ಲಿಯೂ ಬೀಡಿ ಕಟ್ಟುವವರು, ಗೋಡಂಬಿ ಕಾರ್ಖಾನೆಗೆ ಹೋಗುವವರು ಇದ್ದಾರೆ. ಒಂದು ದಿನ ಮನೆಯಲ್ಲಿ ಕುಳಿತರೆ ಆ ದಿನದ ಸಂಬಳವಿಲ್ಲ. ಆದುದರಿಂದ ಒಂದು ಗುಳಿಗೆ ನುಂಗಿಸಿ ಮಗುವನ್ನು ಶಾಲೆಗೆ ಕಳುಹಿಸುತ್ತಾರೆ. ಮಗುವೂ ಬಾಯಿ ಬಿಡುವುದಿಲ್ಲ.

ಬಚ್ಚಿಟ್ಟ ರೋಗವೇ ಬೇಗ ಹರಡುತ್ತದೆ

ಶಾಲೆಯಲ್ಲಿ ರೋಗ ಹರಡಲು ಮುಖ್ಯ ಕಾರಣ ಕೊಳಕು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಹೇಳಿದರೆ ನಷ್ಟವಾಗುತ್ತದೆ ಎಂದು ಗೊತ್ತಾದಾಗ ಮಗು ರೋಗವನ್ನು ಬಚ್ಚಿಡುತ್ತದೆ. ಹಾಜರಿ ತಪ್ಪುತ್ತದೆ, ಪರೀಕ್ಷೆ ತಪ್ಪುತ್ತದೆ, ಗೆಳೆಯರು ದೂರ ಸರಿಯುತ್ತಾರೆ, ಟೀಚರ್ ಬೈಯುತ್ತಾರೆ ಎಂಬ ಹೆದರಿಕೆ ಅದಕ್ಕಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಪದ್ಧತಿ ನಮ್ಮ ಅನೇಕ ಶಾಲೆಗಳಲ್ಲಿದೆ. ಒಳ್ಳೆಯ ಉದ್ದೇಶದ್ದೇ ಆದರೂ, ಜ್ವರದಲ್ಲೂ ಶಾಲೆಗೆ ಬಾ ಎಂದು ಅದು ಮಗುವಿಗೆ ಹೇಳಿದಂತಾಗುತ್ತದೆ. ಕಾಯಿಲೆಯ ರಜೆಯನ್ನು ಹಾಜರಿಯ ಲೆಕ್ಕದಿಂದ ಬಿಟ್ಟುಬಿಟ್ಟರೆ ಬಹುಮಾನವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ಇದು ಸಾಧ್ಯ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆಯಿದೆ. 2020ರ ಜೂನ್ 25ರಿಂದ ಜುಲೈ 4ರವರೆಗೆ, ಕೊರೋನಾ ನಡುವೆಯೇ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. 8 ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಬಾಗಿಲಲ್ಲಿ ಜ್ವರ ತಪಾಸಣೆ, ಮಾಸ್ಕ್, ಬೆಂಚುಗಳ ನಡುವೆ ಅಂತರ ಎಲ್ಲವೂ ಇತ್ತು. ಅದಕ್ಕಿಂತ ಮುಖ್ಯವಾಗಿ, ಜ್ವರ ಕೆಮ್ಮು ಇದ್ದವರಿಗೆ ಬೇರೆ ಕೊಠಡಿ ಇತ್ತು. ಸೋಂಕಿನಿಂದ ಬರಲಾಗದವರಿಗೆ ಪೂರಕ ಪರೀಕ್ಷೆಯನ್ನು ಹೊಸ ಅಭ್ಯರ್ಥಿಗಳಾಗಿ ಬರೆಯುವ ಅವಕಾಶ ಕೊಡಲಾಯಿತು. ಜ್ವರ ಇದೆ ಎಂದು ಹೇಳಿದ ಮಗು ಒಂದು ವರ್ಷ ಕಳೆದುಕೊಳ್ಳಬೇಕಾಗಿರಲಿಲ್ಲ.

ಬಚ್ಚಿಡದಿದ್ದರೂ ಕಾಣದ ರೋಗ ಇರುತ್ತದೆ ಎಂಬುದನ್ನೂ ಮರೆಯಬಾರದು. 2021ರ ಅಕ್ಟೋಬರ್‌ನಲ್ಲಿ ಮಡಿಕೇರಿ ಬಳಿಯ ಗಾಳಿಬೀಡು ನವೋದಯ ವಸತಿ ಶಾಲೆಯಲ್ಲಿ 32 ಮಕ್ಕಳಿಗೆ ಕೊರೋನಾ ದೃಢಪಟ್ಟಾಗ ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ. ಆದುದರಿಂದ ಗಾಳಿ, ನೀರು, ಕೈ ತೊಳೆಯುವಿಕೆಯ ಎಚ್ಚರ ರೋಗ ಕಾಣಿಸುವ ಮೊದಲೇ ಇರಬೇಕು.

ಯಾವ ರೋಗಕ್ಕೆ ಎಷ್ಟು ದಿನ?

ಎಲ್ಲ ರೋಗಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಶಿಕ್ಷಕರು ಮತ್ತು ವಾರ್ಡನ್‌ಗಳು ಈ ಕೆಳಗಿನವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ದಡಾರ: ದದ್ದು ಕಾಣಿಸುವ 4 ದಿನ ಮೊದಲಿನಿಂದ, ಕಾಣಿಸಿದ ಮೇಲೆ 4 ದಿನದವರೆಗೆ ಹರಡುತ್ತದೆ. ರೋಗಿ ಕೋಣೆ ಬಿಟ್ಟು ಹೋದ ಮೇಲೂ 2 ಗಂಟೆಯವರೆಗೆ ವೈರಾಣು ಗಾಳಿಯಲ್ಲಿ ಇರಬಲ್ಲದು. ಲಸಿಕೆ ಇಲ್ಲದವರ ನಡುವೆ ಒಬ್ಬನಿಂದ 12ರಿಂದ 18 ಮಂದಿಗೆ ತಗಲಬಹುದು.

ಸೀತಾಳೆ ಸಿಡುಬು (ಚಿಕನ್‌ಪಾಕ್ಸ್): ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಜೊತೆಗಿದ್ದ ಮಕ್ಕಳ ಮೇಲೆ 3 ವಾರ ಕಣ್ಣಿರಲಿ. ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. "ಅಮ್ಮ ಬಂದಿದೆ" ಎನ್ನುವ ಹಿರಿಯರೊಡನೆ ಜಗಳ ಬೇಡ; ಮಗುವನ್ನು ಬೇರೆ ಇರಿಸುವ ಅವರ ರೂಢಿ ಇಲ್ಲಿ ಉಪಯೋಗಕ್ಕೇ ಬರುತ್ತದೆ. ಆದರೆ ಉಸಿರಾಟದ ತೊಂದರೆ, ವಿಪರೀತ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಂಗನಬಾವು: ಕೆನ್ನೆ ಊದಿದ ಮೇಲೆ 5 ದಿನ ಪ್ರತ್ಯೇಕವಾಗಿರಲಿ.

ಕಜ್ಜಿ: ಹಾಸ್ಟೆಲ್‌ಗಳ ಹಳೆಯ ಶತ್ರು. ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿದರೆ ಪಕ್ಕದವನಿಂದ ಮತ್ತೆ ಬರುತ್ತದೆ. ಒಟ್ಟಿಗೆ ಮಲಗುವ ಎಲ್ಲರಿಗೂ ವೈದ್ಯರು ಹೇಳಿದ ಮುಲಾಮನ್ನು ಒಂದೇ ರಾತ್ರಿ ಹಚ್ಚಿ, ಬಟ್ಟೆ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮರುದಿನ ತರಗತಿಗೆ ಹೋಗಬಹುದು.

ವಾಂತಿಭೇದಿ: ನಿಂತ ಮೇಲೂ 48 ಗಂಟೆ ಬೇರೆ ಇರಲಿ. ಅಡುಗೆಯವರಿಗೆ ಈ ನಿಯಮ ಇನ್ನೂ ಕಟ್ಟುನಿಟ್ಟು. ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಬೇಕು.

ಕ್ಷಯ: ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಯುವುದು ಕಂಡರೆ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಮಗುವಿಗೆ ಕ್ಷಯ ಇದ್ದರೆ ಅದು ಬಹುಮಟ್ಟಿಗೆ ಹತ್ತಿರದ ದೊಡ್ಡವರಿಂದ ಬಂದದ್ದು. ಹಾಗಾಗಿ ಮನೆಯವರ, ಸಿಬ್ಬಂದಿಯ ತಪಾಸಣೆಯೂ ಆಗಬೇಕು.

ಆರೈಕೆಯ ಕೋಣೆ, ಶಿಕ್ಷೆಯ ಕೋಣೆಯಲ್ಲ

ವಸತಿ ಶಾಲೆಯಲ್ಲಿ ಒಂದು ಚಿಕ್ಕ ಕೋಣೆಯನ್ನಾದರೂ ಅಸ್ವಸ್ಥ ಮಕ್ಕಳಿಗೆ ಮೀಸಲಿಡಬೇಕು. ಎದುರು ಬದುರು ಕಿಟಕಿ, ಹತ್ತಿರದಲ್ಲೇ ಶೌಚಾಲಯ, ಬೇರೆ ತಟ್ಟೆ ಲೋಟ ಇದ್ದರೆ ಸಾಕು. ಅಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು. ಆ ರೋಗ ಹಿಂದೆ ಬಂದು ಹೋದವರು ಅಥವಾ ಲಸಿಕೆ ಆದವರು ನೋಡಿಕೊಳ್ಳಲಿ. ಆ ದಿನದ ಪಾಠ ಮತ್ತು ಕೊಡಗಿನ ತೋಟದಲ್ಲಿರುವ ಅಪ್ಪನಿಗೆ ಒಂದು ಫೋನ್ ಕರೆ, ಇವೆರಡೂ ಮಗುವಿಗೆ ಸಿಗಬೇಕು. ಅಲ್ಲಿಂದ ಹೊರಬಂದ ಮಗು "ಅಲ್ಲಿ ಚೆನ್ನಾಗಿ ನೋಡಿಕೊಂಡರು" ಎಂದು ಗೆಳೆಯರಿಗೆ ಹೇಳಿದರೆ, ಮುಂದಿನ ಮಗು ತಾನಾಗಿಯೇ ಬಂದು ಹೇಳುತ್ತದೆ.

ಕಚೇರಿಯಲ್ಲಿ ಒಂದು ನೋಟುಪುಸ್ತಕ ಇರಲಿ. ದಿನಾಂಕ, ಹೆಸರು, ತರಗತಿ, ಲಕ್ಷಣ, ಇಷ್ಟೇ ಬರೆದರೆ ಸಾಕು. ಒಂದೇ ವಾರದಲ್ಲಿ ಎರಡು ಮೂರು ಮಕ್ಕಳಿಗೆ ಒಂದೇ ತರಹದ ಲಕ್ಷಣ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಶಾಲೆಗೆ ಕೆಟ್ಟ ಹೆಸರು ಬರುತ್ತದೆ ಎಂದು ಸುಮ್ಮನಿದ್ದರೆ, ಮಗು ಮಾಡಿದ ತಪ್ಪನ್ನೇ ಆಡಳಿತವೂ ಮಾಡಿದಂತೆ.

ನೀರು, ಕೈ, ಗಾಳಿ

2024ರ ಮೇ ತಿಂಗಳಲ್ಲಿ ಮೈಸೂರು ತಾಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ. ಶಾಲೆಯ ಟ್ಯಾಂಕನ್ನು ಯಾವಾಗ ತೊಳೆದದ್ದು ಎಂಬ ದಿನಾಂಕವನ್ನು ಟ್ಯಾಂಕಿನ ಮೇಲೇ ಬರೆಯಿರಿ. ಕುಡಿಯುವ ನೀರು ಚೆನ್ನಾಗಿ ಕುದಿಯಲಿ. ಕೈಯದ್ದಿ ಲೋಟ ಮುಳುಗಿಸುವ ಬದಲು ನಲ್ಲಿ ಇರುವ ಪಾತ್ರೆ ಇಡಿ.

ಶೌಚಾಲಯದ ಬಳಿ ಸಾಬೂನು ಇಲ್ಲದೆ "ಕೈ ತೊಳೆಯಿರಿ" ಎಂಬ ಬೋರ್ಡು ತೂಗಿಸಿ ಪ್ರಯೋಜನವಿಲ್ಲ. ಬಲೆಯ ಚೀಲದಲ್ಲಿ ಸಾಬೂನು ಹಾಕಿ ನಲ್ಲಿಗೆ ಕಟ್ಟಿದರೆ ಕಳೆದುಹೋಗದು, ಕರಗಿಯೂ ಹೋಗದು. ಮಲಗುವ ಕೋಣೆಯಲ್ಲಿ ಕಿಟಕಿಗಳು ತೆರೆದಿರಲಿ. ಸ್ಥಳ ಕಡಿಮೆಯಿದ್ದರೆ ಒಬ್ಬನ ತಲೆಯ ಬಳಿ ಪಕ್ಕದವನ ಕಾಲು ಬರುವಂತೆ ಮಲಗಿಸಿ. ಖರ್ಚಿಲ್ಲದ ಈ ಕ್ರಮದಿಂದ ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ ನೇರ ತಾಗುವುದು ತಪ್ಪುತ್ತದೆ.

ಲಸಿಕೆಯ ಕಾರ್ಡು ನೋಡಿ

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಚುಚ್ಚುಮದ್ದು ಹಾಕಲಾಯಿತು. ಆ ನಂತರ ಹುಟ್ಟಿದ ಮಕ್ಕಳಿಗೆ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು ಡೋಸ್ ಸಿಗಬೇಕು. ದಡಾರ ಹರಡದಿರಲು ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಕೂಲಿಗಾಗಿ ಊರೂರು ಅಲೆಯುವ ಕುಟುಂಬದ ಮಗುವಿಗೆ ಎರಡನೆಯದು ತಪ್ಪಿಹೋಗುವುದು ಸುಲಭ. ಪ್ರವೇಶದ ದಿನವೇ ಕಾರ್ಡು ನೋಡಿ, ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಪ್ರವೇಶ ನಿರಾಕರಿಸಬೇಡಿ. ಶಾಲೆಗಳಿಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೂ ನಿಮ್ಮ ನೋಟುಪುಸ್ತಕ ತೋರಿಸಬಹುದು.

ನಾವು ಮಾಡಬಹುದಾದದ್ದು

ಧರ್ಮಕೇಂದ್ರದ ವಾರ್ಡುಗಳಲ್ಲಿ ಇದು ಚರ್ಚೆಯಾಗಲಿ. ಭಾನುವಾರದ ಧರ್ಮಶಿಕ್ಷಣ ತರಗತಿಗೂ ಇದೇ ನಿಯಮ ಇರಲಿ. ಮಗುವಿನ ಕಾಯಿಲೆಯಿಂದ ಕೂಲಿ ತಪ್ಪಿಸಿಕೊಂಡ ಅಮ್ಮನ ಮನೆಗೆ ನಾಲ್ಕು ದಿನದ ಅಕ್ಕಿ ತಲುಪಿಸುವುದು, ನೆರೆಯವರೊಬ್ಬರು ಮಧ್ಯಾಹ್ನದ ತನಕ ಮಗುವಿನ ಬಳಿ ಕೂರುವುದು, ಇವೂ ರೋಗ ತಡೆಯುವ ಕೆಲಸಗಳೇ.

ಎನ್. ಬೇಗೂರಿನ ಸೀಮೆಯ ಮಗುವಾಗಲಿ, ನಮ್ಮ ಕಡಲ ತೀರದ ಮಗುವಾಗಲಿ, "ಟೀಚರ್, ನನಗೆ ಹುಷಾರಿಲ್ಲ" ಎಂದು ಹೇಳಿದರೆ ಮೊದಲು ಅದಕ್ಕೆ "ಹೇಳಿದ್ದು ಒಳ್ಳೆಯದಾಯಿತು" ಎನ್ನೋಣ. ಥರ್ಮಾಮೀಟರ್, ಔಷಧ, ರಜೆ ಎಲ್ಲವೂ ಆಮೇಲೆ.