ನಿಮಗಿದು ಗೊತ್ತೆ? ಕ್ರಾನ್‌ಬೆರಿಗೂ ಕಬ್ಬಿಣ ಅತಿಯಾಗಬಹುದು!

ಹುಳಿ ಹಣ್ಣು ಕ್ರಾನ್‌ಬೆರಿಯ ತವರು ಉತ್ತರ ಅಮೆರಿಕದ ಜೌಗು ನೆಲ. ಮಸಾಚುಸೆಟ್ಸ್, ನ್ಯೂಜೆರ್ಸಿಗಳಲ್ಲಿ ಹಿಂದೆ ಜೌಗಿನಿಂದಲೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದಿರು ಅಗೆದ ಕೆಲವು ಜಾಗಗಳೇ ಮುಂದೆ ಕ್ರಾನ್‌ಬೆರಿ ತೋಟಗಳಾದವು! ಹಾಗಾಗಿ ಕಬ್ಬಿಣ ಈ ಬಳ್ಳಿಗೆ ಹೊಸದೇನಲ್ಲ. ಪಿಎಚ್ 4ರಿಂದ 5.5ರವರೆಗಿನ ಹುಳಿಮಣ್ಣೇ ಅದಕ್ಕೆ ಹಿತ.

ತೊಂದರೆ ಶುರುವಾಗುವುದು ನೀರು ಬಸಿಯದೆ ನಿಂತಾಗ. ಮಣ್ಣಿನಲ್ಲಿ ಗಾಳಿಯಾಡದಿದ್ದರೆ, ಕರಗದೆ ಬಿದ್ದಿದ್ದ ಕಬ್ಬಿಣ ರೂಪ ಬದಲಿಸಿ ನೀರಿನಲ್ಲಿ ಕರಗುತ್ತದೆ. ಅದು ಮಿತಿಮೀರಿದರೆ ಬೇರಿಗೆ ಹಾನಿ. ಮ್ಯಾಂಗನೀಸ್ ಹೀರಿಕೆಗೂ ಅಡ್ಡಿ. ಹುಳಿಮಣ್ಣಿನ ಕಬ್ಬಿಣ ರಂಜಕವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಹಾಕಿದ ಗೊಬ್ಬರದ ಒಂದು ಪಾಲು ಗಿಡಕ್ಕೆ ದಕ್ಕುವುದೇ ಇಲ್ಲ. ಕ್ರಾನ್‌ಬೆರಿ ಬೇರಿಗೆ ಬೇರುಗೂದಲುಗಳೂ ಇಲ್ಲ, ಪಾಪ. ಪೋಷಕಾಂಶ ಹೀರಲು ಶಿಲೀಂಧ್ರಗಳ ನೆರವು ಬೇಕು.

ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ತಗ್ಗು ಗದ್ದೆಗಳಲ್ಲಿ ಭತ್ತದ ಎಲೆ ಕಂದುಗಟ್ಟುವುದಕ್ಕೂ ಎಷ್ಟೋ ಸಲ ಇದೇ ಕಬ್ಬಿಣದ ಕಾಟ ಕಾರಣ. ಆದ್ದರಿಂದ ಎಲೆ ಬಣ್ಣಗೆಟ್ಟಿತೆಂದು ಕಬ್ಬಿಣದ ಗೊಬ್ಬರ ಸುರಿಯಬೇಡಿ. ಮೊದಲು ಬಸಿಗಾಲುವೆ ನೋಡಿ, ಮಣ್ಣು ಪರೀಕ್ಷೆ ಮಾಡಿಸಿ.