ಅಂಗಡಿ ಒಳಗಿನ ಸ್ಕ್ರೀನ್ ಯಾರ ಜೊತೆ ಮಾತಾಡ್ತಿದೆ?

ಶಿಕಾರಿಪುರ, ಸೊರಬದಂಥ ತಾಲ್ಲೂಕು ಊರುಗಳ ಪೇಟೆಗೆ ಹೋದರೆ ಈಗ ಎರಡು ತರದ ಸ್ಕ್ರೀನ್ ಕಣ್ಣಿಗೆ ಬೀಳತ್ತೆ. ಒಂದು, ಮೆಡಿಕಲ್ ಶಾಪ್, ಬೇಕರಿ, ಮೊಬೈಲ್ ಅಂಗಡಿ ಮುಂದೆ ಕೆಂಪು ಅಕ್ಷರದಲ್ಲಿ ಓಡೋ ಎಲ್‌ಇಡಿ ಬೋರ್ಡು. ಇನ್ನೊಂದು, ಬಟ್ಟೆ, ದಿನಸಿ, ಮೊಬೈಲ್ ಮಾರುವ ಚೈನ್ ಅಂಗಡಿಗಳ ಒಳಗೆ ಗೋಡೆಗೆ ಹಾಕಿರೋ ದೊಡ್ಡ ಟಿವಿಯಂಥದ್ದು. ಅದರಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಆಫರ್‌ಗಳು, ಜಾಹೀರಾತುಗಳು ಸುತ್ತುತ್ತಲೇ ಇರುತ್ತವೆ. ಈ ಎರಡಕ್ಕೂ ಸೇರಿ ಡಿಜಿಟಲ್ ಸೈನೇಜ್ ಅಂತ ಹೆಸರು.

ನಾವು ಈ ಎರಡು ತಾಲ್ಲೂಕಿನಿಂದ ಬಂದು ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಿರೋರು. ಇಂಥ ಸ್ಕ್ರೀನ್ ಒಳಗೆ ಏನೇನು ನಡೆಯತ್ತೆ ಅಂತ ತಿಳಿಸೋದು ಈ ಲೇಖನದ ಒಂದು ಉದ್ದೇಶ. ಇನ್ನೊಂದು ಉದ್ದೇಶವೂ ಇದೆ. ಸ್ಕ್ರೀನ್ ಹಾಕೋದು ಗಿರಾಕಿಗೆ ಏನೋ ಹೇಳೋಕೆ. ನಮ್ಮ ಕಡೆ ಅಂಗಡಿಗೆ ಬರೋರಲ್ಲಿ ತುಂಬಾ ಜನ ಕನ್ನಡ ಮಾತ್ರ ಸಲೀಸಾಗಿ ಓದೋರು. ಆದರೆ ಎಷ್ಟೋ ಸ್ಕ್ರೀನ್‌ಗಳಲ್ಲಿ ಕನ್ನಡ ಇರೋದೇ ಇಲ್ಲ, ಇದ್ದರೂ ಒಡೆದು ಹೋಗಿರತ್ತೆ. ಇದು ಬರೀ ಭಾಷಾಭಿಮಾನದ ವಿಷಯ ಅಲ್ಲ, ಇಂಜಿನಿಯರಿಂಗ್ ವಿಷಯ ಕೂಡ. ಸರಿ ಮಾಡೋಕೆ ಆಗುವಂಥದ್ದು.

ಒಳಗೆ ಏನಿರತ್ತೆ?

ಚೈನ್ ಅಂಗಡಿಯ ಸ್ಕ್ರೀನ್ ನೋಡೋಕೆ ಟಿವಿ ತರ ಇದ್ದರೂ ಅದರಲ್ಲಿ ನಾಲ್ಕು ಭಾಗ ಇವೆ. ಮೊದಲನೆಯದು ಪರದೆ. ಎರಡನೆಯದು ಪ್ಲೇಯರ್, ಅಂದ್ರೆ ಪರದೆಯ ಹಿಂದೆ ಕೂತಿರೋ ಸಣ್ಣ ಕಂಪ್ಯೂಟರ್. ಇದು ಆಂಡ್ರಾಯ್ಡ್ ಬಾಕ್ಸ್ ಇರಬಹುದು, ರಾಸ್ಪ್‌ಬೆರಿ ಪೈ ಇರಬಹುದು, ಪರದೆಯ ಒಳಗೇ ಸೇರಿರಬಹುದು. ಮೂರನೆಯದು ಎಲ್ಲ ಅಂಗಡಿಗಳಿಗೂ ಏನು ತೋರಿಸಬೇಕು ಅಂತ ತೀರ್ಮಾನಿಸೋ ಸಾಫ್ಟ್‌ವೇರ್. ಇದು ಸಾಮಾನ್ಯವಾಗಿ ಕಂಪನಿಯ ಮುಖ್ಯ ಕಚೇರಿಯವರ ಕೈಲಿರತ್ತೆ. ನಾಲ್ಕನೆಯದು ಇವೆರಡನ್ನೂ ಜೋಡಿಸೋ ಇಂಟರ್ನೆಟ್.

ಮುಖ್ಯ ಕಚೇರಿಯಲ್ಲಿ ಒಬ್ಬರು ಪ್ಲೇಲಿಸ್ಟ್ ಮಾಡ್ತಾರೆ. ಯಾವ ಚಿತ್ರ, ಎಷ್ಟು ಸೆಕೆಂಡ್, ಯಾವ ದಿನ, ಯಾವ ಅಂಗಡಿ ಎಲ್ಲಾ ಅದರಲ್ಲಿರತ್ತೆ. ಅಂಗಡಿಯ ಪ್ಲೇಯರ್ ಅದನ್ನ ಡೌನ್‌ಲೋಡ್ ಮಾಡಿ ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳತ್ತೆ. ಹಾಗಾಗಿ ನೆಟ್ ಹೋದರೂ ಹಳೆ ಪ್ಲೇಲಿಸ್ಟ್ ಓಡ್ತಾ ಇರತ್ತೆ. ಮಳೆಗಾಲದಲ್ಲಿ ನೆಟ್ ಬಂದು ಹೋಗಿ ಮಾಡೋ ಮಲೆನಾಡಿನ ಅಂಚಿಗೆ ಇದು ಬೇಕೇ ಬೇಕಾದ ಗುಣ.

ಕರೆಂಟ್ ಹೋದಾಗ ಬೇರೆ ಕಥೆ. ಕರೆಂಟ್ ವಾಪಸ್ ಬಂದಾಗ ಪ್ಲೇಯರ್ ಆನ್ ಆಗತ್ತೆ, ಆದರೆ ಅದರೊಳಗಿನ ಆಪ್ ತಾನಾಗೇ ಶುರುವಾಗೋ ಹಾಗೆ ಸೆಟ್ ಮಾಡಿರದಿದ್ದರೆ ಪರದೆ ಮೇಲೆ ಆಂಡ್ರಾಯ್ಡ್‌ನ ಐಕಾನ್‌ಗಳು ಇಡೀ ದಿನ ನಿಂತಿರುತ್ತವೆ. ರಾಸ್ಪ್‌ಬೆರಿ ಪೈ ಆದರೆ ಪದೇ ಪದೇ ಕರೆಂಟ್ ಕಡಿದು ಮೆಮೊರಿ ಕಾರ್ಡೇ ಕೆಡುವ ಸಾಧ್ಯತೆ ಇದೆ. ಪ್ಲೇಯರ್‌ಗೆ ಒಂದು ಸಣ್ಣ ಯುಪಿಎಸ್ ಕೊಟ್ಟರೆ ಎರಡೂ ತಲೆನೋವು ಬಹುಪಾಲು ತಪ್ಪತ್ತೆ.

ಖರ್ಚಿನ ಲೆಕ್ಕವೂ ಸರಳ. ಪರದೆ 100 ವ್ಯಾಟ್‌ನದ್ದು ಅಂದುಕೊಂಡು ದಿನಕ್ಕೆ 12 ಗಂಟೆ ಓಡಿಸಿದರೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಮೆಸ್ಕಾಂ ಬಿಲ್ ನೋಡಿ ಹೆದರುವಷ್ಟೇನೂ ಇಲ್ಲ. ದುಬಾರಿ ಆಗೋದು ಯಾರೂ ನೋಡದ ಸ್ಕ್ರೀನ್.

ಐದು ಸೆಕೆಂಡಿನ ಲೆಕ್ಕ

ಒಂದು ಪ್ಲೇಲಿಸ್ಟ್‌ನಲ್ಲಿ 8 ಜಾಹೀರಾತು, ಒಂದೊಂದೂ 15 ಸೆಕೆಂಡ್ ಅಂತಿಟ್ಟುಕೊಳ್ಳಿ. ಒಂದು ಸುತ್ತಿಗೆ 120 ಸೆಕೆಂಡ್. ಅಂಗಡಿ ಒಳಗೆ ಸೆಕೆಂಡಿಗೆ ಒಂದು ಮೀಟರ್‌ನಂತೆ ನಡೆಯೋ ಮನುಷ್ಯನಿಗೆ 5 ಮೀಟರ್ ದೂರ ಮಾತ್ರ ಆ ಪರದೆ ಕಾಣಿಸಿದರೆ, ಅವನು ನೋಡೋದು 5 ಸೆಕೆಂಡ್. ಅಂದ್ರೆ ಎಂಟರಲ್ಲಿ ಒಂದು ಜಾಹೀರಾತು, ಅದೂ ಅರ್ಧಂಬರ್ಧ.

ಅದೇ ಮನುಷ್ಯ ಬಿಲ್ಲಿಂಗ್ ಕೌಂಟರ್ ಹತ್ತಿರ ನಿಂತಾಗ? ಮುಂದೆ ಐದು ಜನ, ಒಬ್ಬೊಬ್ಬರಿಗೆ ಒಂದು ನಿಮಿಷ ಅಂದ್ರೆ 300 ಸೆಕೆಂಡ್. ಇಡೀ ಪ್ಲೇಲಿಸ್ಟ್ ಎರಡೂವರೆ ಸಲ ನೋಡಿರ್ತಾನೆ, ಬೇಜಾರೂ ಆಗಿರತ್ತೆ.

ಹಾಗಾಗಿ ಎಲ್ಲ ಕಡೆ ಒಂದೇ ವಿಡಿಯೋ ಓಡಿಸೋದು ದಡ್ಡತನ. ಬಾಗಿಲ ಹತ್ತಿರದ ಸ್ಕ್ರೀನ್‌ಗೆ ಐದಾರು ಪದ ಸಾಕು, ಚಿತ್ರ ದೊಡ್ಡದಿರಬೇಕು. ಸಾಮಾನಿನ ರ‍್ಯಾಕ್ ಪಕ್ಕ ಆ ಸಾಮಾನಿನ ಬಗ್ಗೆಯೇ ಹೇಳಬೇಕು. ಕೌಂಟರ್ ಹತ್ತಿರ ಮಾತ್ರ ಸ್ವಲ್ಪ ಉದ್ದದ ವಿಷಯ ನಡೆಯತ್ತೆ.

ಈ ಪಾಠವನ್ನ ದೊಡ್ಡ ಕಂಪನಿಗಳೂ ನಿಧಾನಕ್ಕೇ ಕಲಿತಿವೆ. ಅಮೆರಿಕದ ವಾಲ್‌ಮಾರ್ಟ್ ಮೊದಲು ತನ್ನ ಅಂಗಡಿಗಳಲ್ಲಿ ಟಿವಿಗಳನ್ನ ಮೇಲೆ ಚಾವಣಿಯಿಂದ ನೇತು ಹಾಕಿತ್ತು. ಸಾಮಾನು ಹುಡುಕೋರು ತಲೆ ಎತ್ತಿ ನೋಡೋದು ಕಡಿಮೆ. 2008ರಲ್ಲಿ ಸ್ಮಾರ್ಟ್ ನೆಟ್‌ವರ್ಕ್ ಅನ್ನೋ ಹೊಸ ವ್ಯವಸ್ಥೆ ತಂದಾಗ ಪರದೆಗಳನ್ನ ಕಣ್ಣಿನ ಮಟ್ಟಕ್ಕೆ, ಸಾಮಾನಿನ ಹತ್ತಿರಕ್ಕೆ ಇಳಿಸಿದರು.

ನಮ್ಮ ಪಾಯಿಂಟ್ ಇಷ್ಟೇ. ಗಿರಾಕಿ ಕೊಡೋದು ಐದು ಸೆಕೆಂಡ್. ಆ ಐದು ಸೆಕೆಂಡಿನಲ್ಲಿ ಅವರು ಇಂಗ್ಲಿಷನ್ನ ಅಕ್ಷರ ಅಕ್ಷರ ಕೂಡಿಸಿ ಓದಬೇಕಾದರೆ ಸಮಯ ಅಲ್ಲೇ ಮುಗಿದುಹೋಯ್ತು. ಅಂಗಡಿಯ ಗದ್ದಲದಲ್ಲಿ ಸ್ಕ್ರೀನ್‌ನ ಸೌಂಡೂ ಕೇಳಿಸಲ್ಲ. ಉಳಿಯೋದು ಅಕ್ಷರ ಒಂದೇ.

‘ಅರ್ಧ ಬೆಲೆ’ ಒಡೆಯೋದು ಹೇಗೆ?

ಸರಿ, ಕನ್ನಡದಲ್ಲೇ ಹಾಕೋಣ ಅಂತ ಅಂಗಡಿಯವರು ಮನಸ್ಸು ಮಾಡ್ತಾರೆ. ಆಗ ಅಸಲಿ ಸಮಸ್ಯೆ ಶುರು.

ಇಂಗ್ಲಿಷ್‌ನಲ್ಲಿ ಒಂದು ಅಕ್ಷರದ ಪಕ್ಕ ಇನ್ನೊಂದು ಇಟ್ಟುಕೊಂಡು ಹೋದರೆ ಪದ ಆಯ್ತು. ಕನ್ನಡದಲ್ಲಿ ಹಾಗಲ್ಲ. ‘ಅರ್ಧ’ ಅನ್ನೋ ಪದ ನೋಡಿ. ಯೂನಿಕೋಡ್‌ನಲ್ಲಿ ಇದು ನಾಲ್ಕು ಸಂಕೇತ: ಅ, ರ, ಹಲಂತ ಚಿಹ್ನೆ, ಧ. ಮೆಮೊರಿಯಲ್ಲಿ ರ ಮೊದಲು, ಧ ಆಮೇಲೆ. ಆದರೆ ಪರದೆ ಮೇಲೆ ಧ ಮೊದಲು ಬಂದು, ಅರ್ಕಾವೊತ್ತು ಅದರ ನಂತರ ಬರಬೇಕು. ಅಂದ್ರೆ ಕ್ರಮವೇ ಅದಲು ಬದಲಾಗಬೇಕು. ‘ಅಕ್ಕಿ’ಯಲ್ಲಿ ಎರಡನೇ ಕ ಚಿಕ್ಕದಾಗಿ ಕೆಳಗೆ ಇಳೀಬೇಕು, ಗುಡಿಸು ಮೇಲಿನ ಕ ತಲೆಗೆ ಹೋಗಬೇಕು.

ಹೀಗೆ ಸಂಕೇತಗಳನ್ನ ಸರಿಯಾದ ಆಕಾರಕ್ಕೆ ಜೋಡಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ನಮ್ಮ ಫೋನ್‌ನಲ್ಲಿ, ಬ್ರೌಸರ್‌ನಲ್ಲಿ ಹಾರ್ಫ್‌ಬಝ್‌ನಂಥ ಓಪನ್ ಸೋರ್ಸ್ ಲೈಬ್ರರಿಗಳು ಇದನ್ನ ಸದ್ದಿಲ್ಲದೆ ಮಾಡ್ತವೆ. ಆದರೆ ಎಷ್ಟೋ ಅಗ್ಗದ ಪ್ಲೇಯರ್‌ಗಳ ಸಾಫ್ಟ್‌ವೇರ್‌ನಲ್ಲಿ, ಹಳೆ ವಿಡಿಯೋ ಎಡಿಟರ್‌ಗಳಲ್ಲಿ ಶೇಪಿಂಗ್ ಇರಲ್ಲ. ಅಲ್ಲಿ ‘ಅಕ್ಕಿ’ ಹೋಗಿ ‘ಅಕ್‌ಕಿ’ ಆಗತ್ತೆ, ‘ಅರ್ಧ’ ಹೋಗಿ ‘ಅರ್‌ಧ’ ಆಗತ್ತೆ. ಫಾಂಟೇ ಇಲ್ಲದಿದ್ದರೆ ಬರೀ ಚೌಕ ಡಬ್ಬಿಗಳು.

ಪ್ರೋಗ್ರಾಮಿಂಗ್ ಮಾಡೋ ಗೆಳೆಯರು ಇದನ್ನ ತಾವೇ ಪರೀಕ್ಷಿಸಬಹುದು. ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ ಒಂದು ಕನ್ನಡ ಪದವನ್ನ ಚಿತ್ರವಾಗಿ ಬರೆಸಿ. ಬೇಸಿಕ್ ಲೇಔಟ್‌ನಲ್ಲಿ ಒತ್ತಕ್ಷರ ಒಡೆಯತ್ತೆ, ರಾಕ್ಮ್ ಅನ್ನೋ ಲೇಔಟ್ ಎಂಜಿನ್ ಜೋಡಿಸಿದರೆ ಸರಿಯಾಗತ್ತೆ. ಫಾಂಟ್ ಅದೇ, ಪದ ಅದೇ, ವ್ಯತ್ಯಾಸ ಶೇಪಿಂಗ್ ಒಂದೇ.

ಇನ್ನೊಂದು ತೊಂದರೆ ಹಳೇ ನುಡಿ ಫಾಂಟ್‌ಗಳದ್ದು. ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾರ್ಡು, ಫ್ಲೆಕ್ಸು ಎಲ್ಲ ಅದರಲ್ಲೇ ಮಾಡಿರ್ತಾರೆ. ಪ್ರಿಂಟ್‌ಗೆ ಅದು ಪರವಾಗಿಲ್ಲ. ಆದರೆ ಯೂನಿಕೋಡ್ ಅಲ್ಲದ ಆ ಪಠ್ಯವನ್ನ ಹಾಗೇ ಕಾಪಿ ಮಾಡಿ ಸ್ಕ್ರೀನ್‌ನ ಸಾಫ್ಟ್‌ವೇರ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಸುಲಭದ ಪರಿಹಾರ ಎರಡಿವೆ. ಒಂದು, ಕನ್ನಡ ಸರಿಯಾಗಿ ಬರೋ ಕಂಪ್ಯೂಟರ್‌ನಲ್ಲಿ ಪೋಸ್ಟರ್ ಮಾಡಿ, ಅದನ್ನ ಚಿತ್ರವಾಗಿಯೇ ಕಳಿಸೋದು. ಚಿತ್ರದಲ್ಲಿ ಅಕ್ಷರ ಒಡೆಯಲ್ಲ. ಆದರೆ ಬೆಲೆ ಬದಲಾದಾಗಲೆಲ್ಲ ಹೊಸ ಚಿತ್ರ ಮಾಡಬೇಕು. ಎರಡು, ಪ್ಲೇಲಿಸ್ಟನ್ನ ವೆಬ್ ಪುಟದ ತರ ಮಾಡಿ ಪ್ಲೇಯರ್‌ನ ಬ್ರೌಸರ್‌ನಲ್ಲಿ ತೋರಿಸೋದು. ಬ್ರೌಸರ್ ಶೇಪಿಂಗ್ ನೋಡಿಕೊಳ್ಳತ್ತೆ, ಬೆಲೆಯನ್ನ ಬೇಕಾದಾಗ ಬದಲಾಯಿಸಬಹುದು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ತರದ ಉಚಿತ ಫಾಂಟ್‌ಗಳನ್ನ ಜೊತೆಗೇ ಕಳಿಸಿದರೆ ಆಯ್ತು.

ಕೆಂಪು ಬೋರ್ಡಿನ 16 ಸಾಲು

ಅಂಗಡಿ ಮುಂದಿನ ಓಡೋ ಬೋರ್ಡಿನ ಕಥೆ ಸ್ವಲ್ಪ ಬೇರೆ. ಇದರಲ್ಲಿ ಹೆಚ್ಚಾಗಿ ಬಳಸೋದು ಪಿ10 ಅನ್ನೋ ಮಾಡ್ಯೂಲ್. ಎರಡು ಎಲ್‌ಇಡಿಗಳ ನಡುವೆ 10 ಮಿಲಿಮೀಟರ್ ಅಂತರ ಅನ್ನೋದೇ ಆ ಹೆಸರಿನ ಅರ್ಥ. ಒಂದು ಮಾಡ್ಯೂಲ್‌ನಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ಚುಕ್ಕಿ.

ಇಂಗ್ಲಿಷ್ ದೊಡ್ಡಕ್ಷರ ಬರೆಯೋಕೆ ಅಡ್ಡ 5, ಎತ್ತರ 7 ಚುಕ್ಕಿ ಸಾಕು. 16 ಸಾಲಿನಲ್ಲಿ ಎರಡು ಗೆರೆ ಬರೆಯಬಹುದು. ಕನ್ನಡಕ್ಕೆ ಮೂರು ಮಹಡಿ ಬೇಕು: ಮೇಲೆ ಗುಡಿಸು ಅಥವಾ ಏತ್ವ, ನಡುವೆ ಅಕ್ಷರ, ಕೆಳಗೆ ಒತ್ತು. ‘ಇಲ್ಲಿ’ ಅನ್ನೋ ಸಣ್ಣ ಪದದಲ್ಲೇ ಮೂರೂ ಇವೆ. 16 ಸಾಲನ್ನ ಹಂಚಿದರೆ ಒತ್ತಿಗೆ ನಾಲ್ಕೈದು ಸಾಲು ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಯಾವ ಒತ್ತು ಅಂತ ಗೊತ್ತಾಗೋದು ಕಷ್ಟ, ಅದೂ ಓಡ್ತಿರೋವಾಗ.

ಹಾಗಾಗಿ ಕನ್ನಡದ ಬೋರ್ಡಿಗೆ ಒಂದರ ಮೇಲೊಂದು ಎರಡು ಮಾಡ್ಯೂಲ್ ಹಾಕಬೇಕು. 32 ಸಾಲು ಸಿಗತ್ತೆ, ಅಕ್ಷರ ಉಸಿರಾಡತ್ತೆ. ಓಡಿಸೋ ವೇಗವನ್ನೂ ಕಡಿಮೆ ಮಾಡಬೇಕು. ಖರ್ಚು ಹೆಚ್ಚಾಗತ್ತೆ ನಿಜ, ಆದರೆ ಓದೋಕಾಗದ ಬೋರ್ಡಿಗೆ ಕೊಟ್ಟ ದುಡ್ಡು ಪೂರ್ತಿ ದಂಡ. ಇನ್ನೊಂದು ಮಾತು: ಚುಕ್ಕಿಗಳ ಅಂತರ ಎಷ್ಟು ಮಿಲಿಮೀಟರ್ ಇದೆಯೋ ಸುಮಾರು ಅಷ್ಟು ಮೀಟರ್ ದೂರದಿಂದ ನೋಡಿದರೆ ಚೆನ್ನಾಗಿ ಕಾಣತ್ತೆ. ಪಿ10 ರಸ್ತೆಯಾಚೆಯಿಂದ ನೋಡೋಕೆ. ಅಂಗಡಿ ಒಳಗೆ ಹತ್ತಿರದಿಂದ ನೋಡೋಕೆ ಪಿ2.5ನಂಥದ್ದು ಬೇಕು.

ಮುಖ್ಯ ಕಚೇರಿಗೆ ಭೂಮಿ ಹುಣ್ಣಿಮೆ ಗೊತ್ತಾ?

ಅಕ್ಷರ ಸರಿಯಾದ್ರೂ ವಿಷಯ ಊರಿಗೆ ಹೊಂದಬೇಕಲ್ಲ. ಚೈನ್ ಅಂಗಡಿಯ ಪ್ಲೇಲಿಸ್ಟ್ ದೂರದ ನಗರದಲ್ಲಿ ತಯಾರಾಗತ್ತೆ. ಅಲ್ಲಿ ಕೂತವರಿಗೆ ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಗದ್ದೆ ತೋಟಕ್ಕೆ ಹೋಗಿ ಪೂಜೆ ಮಾಡ್ತಾರೆ, ದೀಪಾವಳಿ ಅಂದ್ರೆ ಗೋಪೂಜೆಯೇ ದೊಡ್ಡದು, ಅಡಿಕೆ ಕೊಯ್ಲು ಮುಗಿದ ಮೇಲೆ ಮನೆಯಲ್ಲಿ ದುಡ್ಡು ಓಡಾಡತ್ತೆ ಅನ್ನೋದು ಹೇಗೆ ಗೊತ್ತಾಗಬೇಕು? ಸಂತೆ ದಿನ ಹಳ್ಳಿಗಳಿಂದ ಜನ ಬಂದು ಸಂಜೆ ಬಸ್ಸಿಗೆ ವಾಪಸ್ ಹೋಗ್ತಾರೆ ಅನ್ನೋದು ಅಂಗಡಿಯ ಹುಡುಗನಿಗೆ ಗೊತ್ತು, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ. ಇಂಥ ಸಾಫ್ಟ್‌ವೇರ್‌ಗಳಲ್ಲಿ ದಿನ, ಗಂಟೆ, ಊರಿನ ಪ್ರಕಾರ ಪ್ಲೇಲಿಸ್ಟ್ ಬದಲಾಯಿಸೋ ಸೌಲಭ್ಯ ಸಾಮಾನ್ಯವಾಗಿ ಇದ್ದೇ ಇರತ್ತೆ. ಎಂಟು ಜಾಹೀರಾತಿನಲ್ಲಿ ಎರಡು ಜಾಗವನ್ನ ಸ್ಥಳೀಯ ಮ್ಯಾನೇಜರ್ ಕೈಗೆ ಬಿಟ್ಟರೆ ಸಾಕು. ಜೂನ್ ಶುರುವಿಗೆ ರೇನ್‌ಕೋಟು, ಟಾರ್ಪಾಲು ಯಾವ ರ‍್ಯಾಕ್‌ನಲ್ಲಿದೆ ಅಂತ ಕನ್ನಡದಲ್ಲಿ ಹೇಳೋ ಒಂದು ಸ್ಲೈಡು, ದೊಡ್ಡ ಸಿನಿಮಾ ನಟರ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡಬಹುದು.

ಬೆಲೆ ಹೊಂದದಿದ್ದರೆ ನಂಬಿಕೆ ಹೋಗತ್ತೆ

ಸ್ಕ್ರೀನ್‌ನಲ್ಲಿ ಒಂದು ಬೆಲೆ, ಬಿಲ್‌ನಲ್ಲಿ ಇನ್ನೊಂದು ಬಂದರೆ ಗಿರಾಕಿ ಮುಂದಿನ ಸಲ ಆ ಸ್ಕ್ರೀನ್ ನೋಡಲ್ಲ. ನೆಟ್ ಇಲ್ಲದೆ ಹಳೆ ಪ್ಲೇಲಿಸ್ಟ್ ಓಡ್ತಿದ್ದರೆ ಇದು ಆಗೇ ಆಗತ್ತೆ. ಆಗಲೇ ಹೊಗಳಿದ ಆಫ್‌ಲೈನ್ ಗುಣದ ಇನ್ನೊಂದು ಮುಖ ಇದು. ಪ್ರತಿ ಆಫರ್ ಸ್ಲೈಡಿಗೂ ಕೊನೇ ದಿನಾಂಕ ಹಾಕಿ, ಆ ದಿನ ಕಳೆದ ಮೇಲೆ ಪ್ಲೇಯರ್ ತಾನೇ ಅದನ್ನ ಬಿಟ್ಟುಬಿಡೋ ಹಾಗೆ ಮಾಡೋದು ಇದಕ್ಕೆ ಮದ್ದು.

ಸ್ಕ್ರೀನ್ ಜಾಸ್ತಿ ಆದರೆ ಒಳ್ಳೇದು ಅನ್ನೋದೂ ಸುಳ್ಳು. ಅಮೆರಿಕದ ವಾಲ್‌ಗ್ರೀನ್ಸ್ ಔಷಧಿ ಅಂಗಡಿಗಳಲ್ಲಿ ಫ್ರಿಜ್‌ನ ಗಾಜಿನ ಬಾಗಿಲು ತೆಗೆದು ಕೂಲರ್ ಸ್ಕ್ರೀನ್ಸ್ ಅನ್ನೋ ಕಂಪನಿಯ ಡಿಜಿಟಲ್ ಬಾಗಿಲು ಹಾಕಿದ್ದರು. ಒಳಗೆ ಏನಿದೆ ಅಂತ ಗಾಜಿನಲ್ಲಿ ಸುಮ್ಮನೆ ಕಾಣ್ತಿತ್ತು. ಈಗ ಪರದೆ ತೋರಿಸಿದ್ದನ್ನ ನಂಬಬೇಕಾಯ್ತು. ಗಿರಾಕಿಗಳು ಬೇಸರ ಮಾಡಿಕೊಂಡರು. ಕೊನೆಗೆ 2023ರಲ್ಲಿ ಎರಡು ಕಂಪನಿಗಳ ಜಗಳ ಕೋರ್ಟಿಗೆ ಹೋಯ್ತು.

ಕಾನೂನು ಮತ್ತು ನಮ್ಮ ಕೆಲಸ

ಕರ್ನಾಟಕದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದ್ದು. 2024ರ ತಿದ್ದುಪಡಿಯಿಂದ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲಿನ ಅರ್ಧದಲ್ಲಿ ಇರಬೇಕು ಅಂತ ಆಗಿದೆ. ಆ ನಿಯಮದಿಂದ ಬಾಗಿಲ ಮೇಲೆ ಕನ್ನಡ ಬಂತು. ಬಾಗಿಲು ದಾಟಿದ ಮೇಲೆ ಗಿರಾಕಿಗೆ ಬೇಕಾಗೋದು ಅಂಗಡಿಯ ಹೆಸರಲ್ಲ. ಬೆಲೆ ಎಷ್ಟು, ಆಫರ್ ಯಾವಾಗ ಮುಗಿಯತ್ತೆ, ವಾಪಸ್ ಕೊಡಬಹುದಾ ಅನ್ನೋದು. ಇದು ಅವರಿಗೆ ಓದೋಕೆ ಬರೋ ಭಾಷೆಯಲ್ಲಿ ಇಲ್ಲದಿದ್ದರೆ, ಇಂಗ್ಲಿಷ್ ಬರೋರು ಆಫರ್ ನೋಡಿ ಕೊಳ್ಳತಾರೆ, ಬರದವರು ಪೂರ್ತಿ ಬೆಲೆ ಕೊಟ್ಟು ಹೋಗ್ತಾರೆ. ನಮಗೆ ನಿಜವಾಗಿ ಚುಚ್ಚೋದು ಇದು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಸ್ಕ್ರೀನ್ ಯಾವ ಭಾಷೆಯಲ್ಲಿದ್ದರೂ ನಡೆಯತ್ತೆ. ನಮ್ಮ ಅಜ್ಜಿಗೆ, ತೋಟದ ಕೆಲಸಕ್ಕೆ ಬರೋ ಅಕ್ಕನಿಗೆ ನಡೆಯಲ್ಲ. ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟ್ ಹುಡುಕ್ತಿರೋ ಗೆಳೆಯರಿಗೆ ಇಲ್ಲೊಂದು ಒಳ್ಳೆ ವಿಷಯ ಇದೆ. ಒಂದು ರಾಸ್ಪ್‌ಬೆರಿ ಪೈ, ಒಂದು ಹಳೆ ಮಾನಿಟರ್, ಆಂಥಿಯಾಸ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್, ಒಂದು ಯೂನಿಕೋಡ್ ಫಾಂಟ್. ಇಷ್ಟಿದ್ದರೆ ಊರಿನ ಒಂದು ಕಿರಾಣಿ ಅಂಗಡಿಗೆ ಕನ್ನಡದಲ್ಲಿ ಮಾತಾಡೋ ಸ್ಕ್ರೀನ್ ಕಟ್ಟಬಹುದು.

ಕಟ್ಟಿದ ಮೇಲೆ ಪರೀಕ್ಷೆ ಮಾಡೋಕೆ ಮೂರು ಪದ ಸಾಕು: ಅಕ್ಕಿ, ಎಣ್ಣೆ, ಅರ್ಧ ಬೆಲೆ. ಈ ಮೂರೂ ಒಡೆಯದೆ ಬಂದರೆ, ಐದು ಹೆಜ್ಜೆ ದೂರದಿಂದ ಕನ್ನಡಕ ಹಾಕಿದ ಹಿರಿಯರೊಬ್ಬರು ಐದು ಸೆಕೆಂಡಿನಲ್ಲಿ ಓದಿ ಹೇಳಿದರೆ, ನಿಮ್ಮ ಸ್ಕ್ರೀನ್ ಪಾಸ್.